ಕಾರಿನ ಬೆನ್ನಿಗೆ ರೆಕ್ಕೆ

ಈಗಿನವರು ಕಾರಿನ ಹಿಂದೆ ಒಂದು ಪಟ್ಟಿ ಏರಿಸಿಕೊಂಡು ಓಡಾಡುತ್ತಾರೆ. ಹೆಬ್ಬಾಳದ ಸಿಗ್ನಲ್ಲಿನಲ್ಲಿ ನಿಂತಾಗೆಲ್ಲ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ. ಮೊನ್ನೆ ಕಾರು ಓಡಿಸುತ್ತಿದ್ದ ಮೊಮ್ಮಗಳನ್ನು ಕೇಳಿದೆ, 'ಅದ್ಯಾಕೆ ಹಾಕ್ತಾರೆ ಗೊತ್ತೇನೇ?' ಅಂತ. 'ಸ್ಟೈಲ್‌ಗೆ ಅಜ್ಜಿ' ಅಂದಳು. ನನಗೆ ಪಿತ್ತ ನೆತ್ತಿಗೇರಿತು. ಸ್ಟೈಲಂತೆ ಸ್ಟೈಲು! ಅದೇ ಪಟ್ಟಿಯ ದೆಸೆಯಿಂದ ಮೂರು ದಿನ ಅನ್ನ ಬಿಟ್ಟವಳು ನಾನು. ಅದು ಯಾಕೆ ಅಂತ ನನಗೆ ಗೊತ್ತಿಲ್ಲದಿದ್ದರೆ ಇನ್ಯಾರಿಗೆ ಗೊತ್ತಿರಬೇಕು?

ಅರವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನನಗೆ ಮದುವೆಯಾಗಿ ಎರಡು ವರ್ಷವಾಗಿತ್ತು. ನಮ್ಮ ಯಜಮಾನರಿಗೆ ಯಶವಂತಪುರದ ರೈಲ್ವೆ ಗೇಟಿನ ಹತ್ತಿರ ಒಂದು ಶೆಡ್ಡಿತ್ತು, ಮನೆಯೂ ಅಲ್ಲೇ ಹತ್ತಿರ. ಟಿಂಕರಿಂಗ್ ಕೆಲಸ. ಗುದ್ದಿಸಿಕೊಂಡು ಬಂದ ಮಡ್‌ಗಾರ್ಡು, ತುಕ್ಕು ಹಿಡಿದ ಬಾಗಿಲು, ಏನೇ ಕೊಡಿ, ತಟ್ಟಿ ತಟ್ಟಿ ಹೊಸದು ಮಾಡಿಬಿಡುತ್ತಿದ್ದರು. ಅವರ ಕೈಯಲ್ಲಿ ತಗಡು ರೊಟ್ಟಿ ಹಿಟ್ಟಿನಂತೆ ಮಾತು ಕೇಳುತ್ತಿತ್ತು. ಹೆಂಡತಿಯ ಮಾತು ಕೇಳುವುದು ಮಾತ್ರ ಅವರಿಗೆ ಆಗಿಬರುತ್ತಿರಲಿಲ್ಲ.

ನನ್ನ ತವರು ಯಲಹಂಕದಿಂದ ದೊಡ್ಡಬಳ್ಳಾಪುರದ ದಾರಿಯಲ್ಲಿ, ರಾಜಾನುಕುಂಟೆಗಿಂತ ಸ್ವಲ್ಪ ಆಚೆ. ರಾಗಿ ಹೊಲ, ಒಂದಿಷ್ಟು ದ್ರಾಕ್ಷಿ ತೋಟ. ನಮ್ಮ ಕಡೆಯವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು 'ಆಲು', ಹಿಂಗೆ 'ಇಂಗೆ'. ಮದುವೆಯಾಗಿ ಬಂದ ಮೊದಲನೇ ವಾರದಿಂದಲೇ ಇವರಿಗೆ ಅದೊಂದು ಆಟವಾಯಿತು. 'ನಿಮ್ಮೂರಲ್ಲಿ ರಾಗಿ ಬೆಳೀತೀರಿ, ದ್ರಾಕ್ಷಿ ಬೆಳೀತೀರಿ, ಒಂದ್ ಹಕಾರ ಬೆಳ್ಕೊಳೋಕಾಗ್ಲಿಲ್ವೇನೇ?' ಅನ್ನುತ್ತಿದ್ದರು. ಮೊದಲು ನಗು ಬರುತ್ತಿತ್ತು. ಆಮೇಲಾಮೇಲೆ ಬಾಯಿ ತೆಗೆಯುವ ಮುಂಚೆ ಹಕಾರ ಎಲ್ಲೆಲ್ಲಿ ಬರುತ್ತದೆ ಅಂತ ಲೆಕ್ಕ ಹಾಕಿಕೊಳ್ಳುವ ಹಾಗಾಯಿತು. ಸಿಟ್ಟು ಬಂದಾಗ ಆ ಲೆಕ್ಕವೆಲ್ಲ ತಪ್ಪುತ್ತಿತ್ತು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ.

ಇವರಿಗೆ ಇನ್ನೊಂದು ಹುಚ್ಚಿತ್ತು, ರೇಸಿನದು. ಯುದ್ಧದ ಕಾಲದಲ್ಲಿ ವಿಮಾನ ಇಳಿಯಲಿಕ್ಕೆಂದು ಯಲಹಂಕದ ಬಯಲಿನಲ್ಲಿ ಹಾಕಿದ್ದ ಹಳೇ ರಸ್ತೆಯಲ್ಲಿ ಆಗಾಗ ಕಾರುಗಳನ್ನು ಓಡಿಸುತ್ತಿದ್ದರು. ಕಾರು ಸಾಹೇಬರದು, ಓಡಿಸುವುದು ಇವರು. ಸಾಹೇಬರೆಂದರೆ ಕಂಟೋನ್ಮೆಂಟಿನ ಕಡೆಯ ಒಬ್ಬ ಶ್ರೀಮಂತರು. ಕಾರಿನ ಆಸೆ ಬೆಟ್ಟದಷ್ಟು, ಸ್ಟೀರಿಂಗ್ ಹಿಡಿಯುವ ಎದೆ ಮಾತ್ರ ಇರಲಿಲ್ಲ. ಆ ಎದೆ ನಮ್ಮವರಿಗೆ ಬೇಕಾದ್ದಕ್ಕಿಂತ ಜಾಸ್ತಿ ಇತ್ತು.

ಆ ಪುಟ್ಟ ಕಾರಿಗೆ ಒಂದು ರೋಗವಿತ್ತು. ಎಂಜಿನ್ನಿನ ಭಾರವೆಲ್ಲ ಮುಂದೆ, ಹಿಂಭಾಗ ಖಾಲಿ. ಜೋರಾಗಿ ಬಂದು ತಿರುವಿನಲ್ಲಿ ಹೊರಳಿಸಿದರೆ ಹಿಂದಿನ ಗಾಲಿಗಳು ನೆಲ ಬಿಟ್ಟು ಜಾರುತ್ತಿದ್ದವು. ಡಿಕ್ಕಿಯಲ್ಲಿ ಮರಳಿನ ಮೂಟೆ ಇಟ್ಟು ನೋಡಿದರು. ಜಾರುವುದು ನಿಂತಿತು, ಆದರೆ ಕಾರು ಎಮ್ಮೆಯಾಯಿತು. ಭಾರವಿಲ್ಲದಿದ್ದರೆ ಜಾರುತ್ತದೆ, ಭಾರವಿದ್ದರೆ ಓಡುವುದಿಲ್ಲ. ಊಟಕ್ಕೆ ಕೂತರೂ ಇದೇ ಮಾತು.

ಹಾಗಿರುವಾಗ ಸಾಹೇಬರು ವಿಲಾಯಿತಿಯ ಒಂದು ಹಳೇ ಪತ್ರಿಕೆ ಹಿಡಿದುಕೊಂಡು ನಮ್ಮ ಮನೆಗೇ ಬಂದರು. ಅದರಲ್ಲಿ ಒಂದು ರೇಸ್ ಕಾರಿನ ಚಿತ್ರ. ಕಾರಿನ ಬೆನ್ನಿನ ಮೇಲೆ ಎರಡು ಕಂಬ, ಕಂಬದ ಮೇಲೆ ಅಡ್ಡಲಾಗಿ ಒಂದು ಹಲಗೆ. ಕೆಳಗೆ ಇದ್ದ ವಿವರಣೆಯ ಅರ್ಧ ಹಾಳೆ ಹರಿದುಹೋಗಿತ್ತು. ಉಳಿದದ್ದು ಚಿತ್ರ ಮತ್ತು ಅದರ ಹೆಸರು.

'ಇದನ್ನ ವಿಂಗ್ ಅಂತಾರೆ' ಅಂದರು ಸಾಹೇಬರು. 'ಸ್ಪಾಯ್ಲರ್ ಅಂತ ಇನ್ನೊಂದಿದೆ, ಅದು ಚಿಕ್ಕದು, ಡಿಕ್ಕಿ ತುದಿಗೆ ಹಾಕೋದು. ನಮಗೆ ದೊಡ್ಡದೇ ಇರ್ಲಿ.'

ಒಳಗೆ ಅವರೇಕಾಯಿ ಸುಲಿಯುತ್ತಿದ್ದ ನಮ್ಮತ್ತೆ ಕಿವಿ ಚುರುಕು ಮಾಡಿದರು. ಎದುರುಮನೆಯ ಟೀಚರಮ್ಮ ಹಾಲು ಒಡೆದಾಗೆಲ್ಲ 'ಸ್ಪಾಯ್ಲ್ ಆಯ್ತು' ಅನ್ನುತ್ತಿದ್ದರಲ್ಲ! 'ಚೆನ್ನಾಗಿರೋ ಕಾರನ್ನ ಕೆಡಿಸ್ಕೊಳೋಕೆ ಇಷ್ಟ್ ದೂರ ಬಂದವ್ರಾ ಈ ಪುಣ್ಯಾತ್ಮ?' ಅಂತ ನನ್ನ ಕಿವಿಯಲ್ಲಿ ಅಂದರು. ಕೆಡಿಸುವುದು ಕಾರನ್ನಲ್ಲ, ಕಾರನ್ನು ಮೇಲಕ್ಕೆಳೆಯುವ ಗಾಳಿಯನ್ನು ಅಂತ ಆಮೇಲೆ ಎಷ್ಟೋ ವರ್ಷಕ್ಕೆ ತಿಳಿಯಿತು. ಅವತ್ತು ಆ ಮನೆಯಲ್ಲಿದ್ದ ಯಾರಿಗೂ ತಿಳಿದಿರಲಿಲ್ಲ.

ಎಡವಟ್ಟಾದದ್ದು ಆ ದೊಡ್ಡದರ ಹೆಸರಿನಿಂದ. ವಿಂಗ್ ಅಂದರೆ ರೆಕ್ಕೆ. ರೆಕ್ಕೆ ಅಂದಮೇಲೆ ಇವರ ತಲೆಯಲ್ಲಿ ಬಂದದ್ದು ವಿಮಾನ. ಜಕ್ಕೂರಿನಲ್ಲಿ ಇಳಿಯುವ ಪುಟ್ಟ ವಿಮಾನಗಳ ರೆಕ್ಕೆಯನ್ನು ಬೇಲಿಯಾಚೆ ನಿಂತು ನೋಡಿ ಬಂದರು. ಅಲ್ಯೂಮಿನಿಯಂ ತಗಡು ತಂದು ಒಂದು ವಾರ ತಟ್ಟಿದರು. ಮೇಲ್ಗಡೆ ಉಬ್ಬು, ಕೆಳಗಡೆ ಚಪ್ಪಟೆ, ಮುಂದಿನ ಅಂಚು ಒಂದು ಚೂರು ಎದ್ದಿರಬೇಕು. ಸುಳ್ಳು ಹೇಳಬಾರದು, ಅಷ್ಟು ಚೆಂದದ ತಗಡಿನ ಕೆಲಸ ನಾನು ಆಮೇಲೆ ನೋಡಿಲ್ಲ. ಕೈ ಸವರಿದರೆ ಎಲ್ಲೂ ಒಂದು ತಗ್ಗಿಲ್ಲ.

'ಕಾರು ಹಗುರ ಆಗುತ್ತೆ ಕಣೇ. ಹಗುರ ಆದ್ರೆ ಓಡುತ್ತೆ' ಅಂದರು. ಮುಖ ಅರಳಿತ್ತು. ನಾನೂ ಹೌದೇನೋ ಅಂದುಕೊಂಡೆ.

ರೇಸಿಗೆ ಇನ್ನು ನಾಲ್ಕು ದಿನ. ಕಾರು ಪರೀಕ್ಷೆ ಮಾಡಿದಂತೆಯೂ ಆಯಿತು, ಹೆಂಡತಿಯನ್ನು ತವರಿಗೆ ಕರೆದುಕೊಂಡು ಹೋದಂತೆಯೂ ಆಯಿತು ಅಂತ ಬೆಳಗ್ಗೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟರು. ಯಲಹಂಕ ದಾಟಿ ರಸ್ತೆ ನೇರವಾದದ್ದೇ ತಡ, ಕಾಲು ಒತ್ತಿದರು. ಸ್ವಲ್ಪ ಹೊತ್ತಿಗೆ ಕೂತ ಸೀಟೇ ಎದ್ದು ತೇಲಿದಂತಾಯಿತು. ಉಯ್ಯಾಲೆ ಮೇಲಿಂದ ಕೆಳಗಿಳಿಯುವಾಗ ಆಗುತ್ತದಲ್ಲ, ಹಾಗೆ. ಕಾರಿನ ಹಿಂಭಾಗ ನಮ್ಮ ಜೊತೆಯಲ್ಲಿ ಬರುತ್ತಲೇ ಇಲ್ಲ, ತನ್ನ ಪಾಡಿಗೆ ತಾನು ಆ ಕಡೆ ಈ ಕಡೆ ಅಲೆಯುತ್ತಿದೆ.

'ನೋಡ್ದೇನೇ? ಹೆಂಗೆ ಹಗುರ ಆಯ್ತು!'

ಅಷ್ಟರಲ್ಲಿ ತಿರುವು. ಎದುರಿಗೆ ಹುಲ್ಲಿನ ಗಾಡಿ. ಇವರು ಸ್ಟೀರಿಂಗ್ ತಿರುಗಿಸಿದರು, ಕಾರಿನ ಮೂಗು ತಿರುಗಿತು, ಬೆನ್ನು ಮಾತ್ರ ನೇರಕ್ಕೆ ಹೋಯಿತು. ಹುಣಸೇಮರದ ಬುಡ ನನ್ನ ಬಾಗಿಲಿಗೆ ಒಂದು ಗೇಣು ಉಳಿದಾಗ ಕಾರು ಮಣ್ಣಿನಲ್ಲಿ ಅಡ್ಡಡ್ಡ ನಿಂತಿತು. ಗಾಡಿಯವನು ನಮ್ಮ ವಂಶವನ್ನೆಲ್ಲ ನೆನೆಸಿಕೊಂಡು ಬೈದು ಹೋದ. 'ಜಲ್ಲಿ ಇತ್ತು ಅಷ್ಟೇ' ಅಂತ ಇವರು ನಕ್ಕರು. ಬೀಡಿ ಹಚ್ಚಲು ಹೋಗಿ ಮೂರು ಕಡ್ಡಿ ಹಾಳುಮಾಡಿದರು. ನಾನು ನೋಡಿದೆ. ರೇಸಿನಲ್ಲಿ ಇದರ ಎರಡರಷ್ಟು ಜೋರು, ಆ ಹಳೇ ರಸ್ತೆಯ ಎರಡು ತುದಿಯಲ್ಲೂ ಇದಕ್ಕಿಂತ ಕೆಟ್ಟ ತಿರುವು. ಈ ಮನುಷ್ಯ ಸಾಯುತ್ತಾನೆ ಅಂತ ಅಲ್ಲೇ ನನಗೆ ಖಾತ್ರಿಯಾಯಿತು.

ತವರಿನಲ್ಲಿ ಸುಗ್ಗಿ. ಕಣದಲ್ಲಿ ಅಮ್ಮ ಮುಕ್ಕಾಲಿ ಹತ್ತಿ ನಿಂತು ರಾಗಿ ತೂರುತ್ತಿದ್ದಳು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, 'ಇಳಿಯಮ್ಮ, ನಾನು ತೂರ್ತೀನಿ' ಅಂತ ಮೊರ ಕಿತ್ತುಕೊಂಡು ಹತ್ತಿದೆ. ಗಾಳಿ ಚೆನ್ನಾಗಿತ್ತು. ಯೋಚನೆ ಎಲ್ಲೋ ಇದ್ದು, ಮೊರದ ಬಾಯಿ ಗಾಳಿಗೆದುರಾಗಿ ಸ್ವಲ್ಪ ಮೇಲಕ್ಕೆದ್ದಿತು. ಗಾಳಿ ಅಡಿಗೆ ನುಗ್ಗಿ ಮೊರವನ್ನು ಕೈಯಿಂದ ಕಿತ್ತೊಯ್ಯಲು ನೋಡಿತು. ಕೂಡಲೇ ಬಾಯಿ ತಗ್ಗಿಸಿದೆ. ಗಾಳಿ ಮೇಲಿಂದ ಒತ್ತಿ ನನ್ನ ಮಣಿಕಟ್ಟು ಕೆಳಗಿಳಿಯಿತು. ಇದು ಹುಟ್ಟಿನಿಂದ ಕೈಗೆ ಗೊತ್ತಿದ್ದ ವಿಷಯ, ಎಂಟು ವರ್ಷದ ಹುಡುಗಿಯಾಗಿದ್ದಾಗಿನಿಂದ ತೂರಿದ್ದೇನೆ. ತಲೆಗೆ ಗೊತ್ತಾದದ್ದು ಆ ಗಳಿಗೆಯಲ್ಲಿ. ಮುಕ್ಕಾಲಿಯ ಮೇಲೆ ಹಾಗೇ ನಿಂತುಬಿಟ್ಟೆ. ಅಯ್ಯೋ, ರೆಕ್ಕೆ ಉಲ್ಟಾ ಇದೆ! ಅವರಿಗೆ ಬೇಕಾದದ್ದು ಮರಳಿನ ಮೂಟೆಯ ಭಾರ. ಅದನ್ನು ಗಾಳಿಯೇ ಕೊಡುತ್ತದೆ, ಪುಕ್ಕಟೆ, ಬೋರಲು ಹಾಕಿದರೆ.

ವಾಪಸು ಬರುವಾಗ ಅಮ್ಮನಿಂದ ಒಂದು ಮೊರ ಇಸಿದುಕೊಂಡು ಮಡಿಲಲ್ಲಿಟ್ಟುಕೊಂಡೆ. ಕಾರು ಜೋರು ಹಿಡಿದ ಮೇಲೆ ಕಿಟಕಿಯಿಂದ ಆಚೆ ಚಾಚಿದೆ.

'ನೋಡಿ ಇಲ್ಲಿ. ಇದು ನಿಮ್ ರೆಕ್ಕೆ. ಬಾಯಿ ಇಂಗೆ ಎತ್ತಿದ್ರೆ...'

ಮಾತು ಮುಗಿಯುವ ಮುಂಚೆ ಮೊರ ಕೈಬಿಟ್ಟು ಹಾರಿ ಕಾರಿನ ಮೇಲಿಂದ ಹಿಂದಕ್ಕೆ ಹೋಯಿತು. 'ನಿಲ್ಸಿ' ಅಂದೆ. ಇಳಿದು, ಹಿಂದಕ್ಕೆ ಓಡಿ, ರಸ್ತೆಯಲ್ಲಿ ಬಿದ್ದಿದ್ದ ಮೊರ ಎತ್ತಿಕೊಂಡು ಬಂದೆ. ಇವರು ಇಳಿಯಲಿಲ್ಲ, ತಿರುಗಿಯೂ ನೋಡಲಿಲ್ಲ. ಮತ್ತೆ ಹೊರಟಾಗ ಬಾಯಿ ತಗ್ಗಿಸಿ ಹಿಡಿದೆ. ಮೊರ ಬಾಗಿಲಿಗೆ ಒತ್ತಿ ಕೂತಿತು. ಮೊಣಕೈ ತರಚಿತು.

'ಗೊತ್ತಾಯ್ತಾ? ಇಂಗೆ ಇಟ್ರೆ ನೆಲಕ್ಕೆ ಒತ್ತುತ್ತೆ. ನೀವು ಅಂಗೆ ಇಟ್ಟಿದ್ದೀರಿ.'

'ಯಲಹಂಕ ಬಂತು, ಜನ ನೋಡ್ತಾರೆ. ಒಳಗೆ ತಗೋ.'

'ನಾನೇನ್ ಕೇಳ್ತಿದ್ದೀನಿ, ನೀವೇನ್ ಏಳ್ತಿದ್ದೀರಿ?'

'ಮೊರ ಬೇರೆ, ಕಾರ್ ಬೇರೆ ಕಣೇ' ಅಂದರು.

ಮಾರನೇ ದಿನ ಅಡುಗೆ ಮಾಡಿದ್ದೂ ಗೊತ್ತಾಗಲಿಲ್ಲ. ಮಧ್ಯಾಹ್ನ ಊಟದ ಕ್ಯಾರಿಯರ್ ಹಿಡಿದುಕೊಂಡು ನಾನೇ ಶೆಡ್ಡಿಗೆ ಹೋದೆ. ಸಾಹೇಬರು ಅಲ್ಲೇ ಇದ್ದರು. ಇನ್ನೂ ಇಬ್ಬರು ಮೂವರು ಗಿರಾಕಿಗಳು. ಸುಮ್ಮನೆ ಕ್ಯಾರಿಯರ್ ಇಟ್ಟು ಬರಬೇಕಿತ್ತೇ? ಇರಬಹುದು. ಬಾಯಿ ತಡೆಯಲಿಲ್ಲ.

'ಸ್ವಾಮಿ, ರೆಕ್ಕೆ ಉಲ್ಟಾ ಆಕಿದ್ದಾರೆ, ಬೋರಲು ತಿರುಗಿಸ್ಬೇಕು. ಇಂಗೇ ಓದ್ರೆ ಇವ್ರು ಉಳಿಯಲ್ಲ.'

ಸಾಹೇಬರು ದೊಡ್ಡ ಮನುಷ್ಯರು, ಬೈಯಲಿಲ್ಲ. 'ವಿಮಾನ ಹಾರೋದೇ ಈ ಆಕಾರದಿಂದ ಅಮ್ಮಾ' ಅಂದರು.

'ಅದೇ ಸ್ವಾಮಿ! ವಿಮಾನ ಆರ್ಬೇಕು. ಕಾರು ಯಾಕೆ ಆರ್ಬೇಕು?'

ಸಾಹೇಬರ ಹುಬ್ಬು ಗಂಟಿಕ್ಕಿದ್ದನ್ನು ಕಣ್ಣಾರೆ ನೋಡಿದೆ. ಮಾತು ನಾಟಿತ್ತು. ಅಷ್ಟರಲ್ಲಿ ನಮ್ಮ ಯಜಮಾನರು ಬಾಯಿ ಹಾಕಿದರು.

'ಆರೋದಾ? ಕಾರನ್ನೇನು ಒಗೆದು ಹರವಿದ್ದೀವೇನೇ ಆರೋಕೆ?'

ಎಲ್ಲರೂ ಗೊಳ್ಳೆಂದು ನಕ್ಕರು. ಸಾಹೇಬರೂ ನಕ್ಕರು. ನನ್ನ ಮಾತು ಆ ನಗುವಿನಲ್ಲಿ ಮುಳುಗಿಹೋಯಿತು. ಒಂದು ಹಕಾರ ಬಿಟ್ಟದ್ದಕ್ಕೆ ಒಂದು ಜೀವದ ಮಾತೇ ಬಿದ್ದುಹೋಯಿತಲ್ಲ ಅಂತ ಕಣ್ಣಲ್ಲಿ ನೀರು ಬಂತು. ಕ್ಯಾರಿಯರ್ ನೆಲಕ್ಕೆ ಕುಕ್ಕಿ, ಸಾರು ಚೆಲ್ಲಿದರೂ ತಿರುಗಿ ನೋಡದೆ ಮನೆಗೆ ಬಂದೆ.

ಸಂಜೆ ಬಂದವರು ಉರಿದುಬಿದ್ದರು. 'ನಾಲ್ಕು ಜನರ ಮುಂದೆ ನನ್ನ ಮಾನ ಹರಾಜ್ ಹಾಕ್ದಲ್ಲೇ!' ಆಮೇಲೆ ಮೂರು ದಿನ ಮಾತಿಲ್ಲ ಕಥೆಯಿಲ್ಲ. ನಾನು ಅನ್ನ ಮುಟ್ಟಲಿಲ್ಲ. ಒಲೆಯ ಮುಂದೆ ಕೂತರೆ ಹುಣಸೇಮರದ ಬುಡ ಕಾಣುತ್ತಿತ್ತು. ಎದ್ದು ಬಾಗಿಲಿಗೆ ಹೋಗುವುದು, ಒಳಗೆ ಬರುವುದು, ಗುಡಿಸಿದ ಮನೆಯನ್ನೇ ಮತ್ತೆ ಗುಡಿಸುವುದು. 'ನನ್ ತಲೆ ತಿರುಗುತ್ತೆ, ಒಂದ್ ಕಡೆ ಕೂತ್ಕೊಳ್ಳೇ ತಾಯಿ' ಅಂತ ಅತ್ತೆ ಗದರುತ್ತಿದ್ದರು. ಇವರು ನನ್ನ ಮುಂದೆಯೇ ಕೂತು ಉಂಡು, ಕೈ ತೊಳೆದು, ಶೆಡ್ಡಿಗೆ ಹೋಗುತ್ತಿದ್ದರು.

ರೇಸಿನ ದಿನ ಬೆಳಗ್ಗೆ ಇವರು ಸಾಹೇಬರ ಜೊತೆ ಮುಂಚೆಯೇ ಹೋದರು. ನಾನೂ ಅತ್ತೆಯೂ ಬಸ್ಸಿನಲ್ಲಿ ಹೋದೆವು. ಬಯಲಿನ ತುಂಬ ಜನ. ಹಗ್ಗದ ಆಚೆ ಉದ್ದಕ್ಕೆ ಆ ಹಳೇ ರಸ್ತೆ, ತುದಿಯಲ್ಲಿ ತಿರುಗಲು ಡಾಂಬರಿನ ಪೀಪಾಯಿಗಳು, ಅವುಗಳ ಪಕ್ಕ ಹುಲ್ಲಿನ ಪಿಂಡಿಗಳು. ನಾವು ನಿಂತ ಕಡೆಯಿಂದ ಕಾರುಗಳು ಬೆಂಕಿಪೊಟ್ಟಣದಷ್ಟು ಕಾಣುತ್ತಿದ್ದವು. ಇವರದನ್ನು ಗುರುತಿಸಿದ್ದು ಬೆನ್ನಿನ ಮೇಲಿನ ಆ ಪಟ್ಟಿಯಿಂದ. ತೆಗೆದಾದರೂ ಹಾಕಿರಬಹುದು ಅಂತ ಒಂದು ಆಸೆಯಿತ್ತು, ಅದೂ ಹೋಯಿತು.

ಬಾವುಟ ಬಿತ್ತು. ಮೊದಲನೇ ಸುತ್ತಿನಲ್ಲಿ ಇವರ ಕಾರು ಪೀಪಾಯಿಗಳ ಕಡೆ ನುಗ್ಗುವಾಗ ನಾನು ಅತ್ತೆಯ ಕೈ ಹಿಡಿದುಕೊಂಡು ಕಣ್ಣು ಮುಚ್ಚಿದೆ. ಜನ ಹೋ ಎಂದರು. ಕಣ್ಣು ಬಿಟ್ಟರೆ ಪಿಂಡಿಗಳ ನಡುವೆ ಒಂದು ಕಾರು ಮಗುಚಿ ಬಿದ್ದಿದೆ.

'ನಮ್ಮೋನ್ದಲ್ಲ ಕಣೇ, ಅದು ಬಿಳೀದು, ಬಿಳೀದು!' ಅಂತ ಅತ್ತೆ ನನ್ನ ಭುಜ ಅಲ್ಲಾಡಿಸಿದರು. ಬಿಳಿ ಕಾರಿನವನೂ ಕುಂಟುತ್ತ ಎದ್ದು ಬಂದ, ಸದ್ಯ. ಇವರ ಕಾರು ಆಗಲೇ ತಿರುವು ದಾಟಿ ಬಂದಿತ್ತು. ಎರಡನೇ ಸುತ್ತು, ಮೂರನೇ ಸುತ್ತು. ಬೇರೆಯವರ ಕಾರುಗಳು ಅಲ್ಲಿ ಬಾಲ ಆಡಿಸಿಕೊಂಡು ಜಾರುತ್ತಿದ್ದವು. ಇವರದು ನೆಲಕ್ಕೆ ಅಂಟಿಸಿದ ಹಾಗೆ ತಿರುಗುತ್ತಿತ್ತು. ನನಗೆ ಅರ್ಥವಾಗಲಿಲ್ಲ. ಈ ಸುತ್ತಿನಲ್ಲಿ ಹೋಗುತ್ತದೆ, ಇನ್ನೊಂದು ಸುತ್ತಿನಲ್ಲಿ ಹೋಗುತ್ತದೆ ಅಂತ ಕಾಯುತ್ತಲೇ ಇದ್ದೆ. ಹತ್ತು ಸುತ್ತು ಹೀಗೇ ಜೀವ ಹಿಡಿದುಕೊಂಡೆ.

ಎರಡನೆಯವರಾಗಿ ಬಂದರು. ಹಗ್ಗದ ಅಡಿಯಿಂದ ನುಸುಳಿ ಓಡಿದೆ. ಗಂಡನ ಹತ್ತಿರ ಹೋಗಲಿಲ್ಲ, ನೇರ ಕಾರಿನ ಹಿಂದಕ್ಕೆ ಹೋದೆ. ಆ ರೆಕ್ಕೆಯ ಮೇಲೆ ಕೈಯಿಟ್ಟೆ. ಚಪ್ಪಟೆ. ಅಡಿಗೆ ಕೈ ಹಾಕಿ ಸವರಿದೆ. ಉಬ್ಬು ಕೆಳಗಿತ್ತು. ಮುಂದಿನ ಅಂಚು ತಗ್ಗಿತ್ತು.

ಸಾಹೇಬರು ಖುಷಿಯಲ್ಲಿ ತೇಲುತ್ತಿದ್ದರು. 'ನಿಮ್ ಯಜಮಾನ್ರ ತಲೆ ನೋಡಮ್ಮಾ! ಇದ್ದಕ್ಕಿದ್ದಂಗೆ ತಿರುಗಿಸಿ ಕೂರಿಸಿಬಿಟ್ರು. ರಾತ್ರಿಯೆಲ್ಲ ಯೋಚನೆ ಮಾಡಿದ್ರಂತೆ.'

ನಾನು ಇವರ ಮುಖ ನೋಡಿದೆ. ಇವರು ಕನ್ನಡಕದ ಧೂಳು ಒರೆಸುತ್ತ ಬೇರೆ ಕಡೆ ನೋಡಿದರು. ಜೀವ ಉಳಿಯಿತಲ್ಲ ಅಂತ ಅಳು ಒತ್ತರಿಸಿ ಬಂತು. ಅದರ ಹಿಂದೆಯೇ ಎಂಥ ಸಿಟ್ಟು ಬಂತೆಂದರೆ, ಆ ಅಳು ಎಲ್ಲಿ ಹೋಯಿತೋ ಗೊತ್ತಿಲ್ಲ.

ಸಾಹೇಬರು ತಮ್ಮ ಇನ್ನೊಂದು ಕಾರಿನಲ್ಲಿ ಹೊರಟರು. ನಾವು ಮೂವರು ರೇಸ್ ಕಾರಿನಲ್ಲೇ ಮನೆಯ ಕಡೆ ಬಂದೆವು. ಅತ್ತೆ ಹಿಂದೆ, ನಾನು ಮುಂದೆ. ಹೆಬ್ಬಾಳ ಹತ್ತಿರವಾದಾಗ ಕೇಳಿದೆ.

'ಯಾವತ್ತು ತಿರುಗಿಸಿದ್ರಿ?'

'ನೀನು ಶೆಡ್ಡಿಗೆ ಬಂದ್ಯಲ್ಲ, ಅವತ್ತೇ. ನೀನ್ ಹೋದ್ಮೇಲೆ.'

'ಅಂದ್ರೆ ನಾನು ಏಳಿದ್ದು ಸರಿ ಅಂತ ಅವತ್ತೇ ಗೊತ್ತಿತ್ತು.'

'ಮೊರ ಹಾರಿದಾಗ್ಲೇ ಗೊತ್ತಾಯ್ತು.'

'ಮೂರು ದಿನ ನಾನು ಅನ್ನ ತಿನ್ಲಿಲ್ಲ. ನೋಡಿದ್ರಾ?'

'ನೋಡ್ದೆ.'

'ತಿರುಗಿಸಿದ್ದೀನಿ ಕಣೇ ಅಂತ ಒಂದ್ ಮಾತು. ಒಂದೇ ಒಂದ್ ಮಾತು ಬಾಯಲ್ಲಿ ಬರ್ಲಿಲ್ವಾ?'

'ಹೇಳಿದ್ರೆ ನೀನ್ ಗೆದ್ದಂಗಾಗ್ತಿತ್ತಲ್ಲ' ಅಂದರು, ಮೆಲ್ಲಗೆ.

'ಕಾರ್ ನಿಲ್ಸಿ' ಅಂದೆ.

ಹೆಬ್ಬಾಳದ ಕೆರೆ ಏರಿಯ ಹತ್ತಿರ ಇಳಿದು ನಡೆಯತೊಡಗಿದೆ. ನೆತ್ತಿ ಸುಡುವ ಬಿಸಿಲು. ಹಿಂದೆ ಕಾರು ಮೊದಲನೇ ಗೇರಿನಲ್ಲಿ ಗುರುಗುಟ್ಟುತ್ತ ಬರುತ್ತಿತ್ತು. 'ಹತ್ತೇ ಮಾರಾಯ್ತಿ, ಜನ ನೋಡ್ತಾವ್ರೆ!' ಅಂತ ಅತ್ತೆ ಕಿಟಕಿಯಿಂದ ಕೂಗಿದರು. ನೋಡಲಿ. ಎರಡು ಫರ್ಲಾಂಗು ಹಾಗೇ ಹೋದೆವು, ಹೆಂಡತಿ ಮುಂದೆ, ರೆಕ್ಕೆ ಕಟ್ಟಿಕೊಂಡ ಕಾರು ಹಿಂದೆ. ರಸ್ತೆಬದಿಯ ಟೀ ಅಂಗಡಿಯಲ್ಲಿ ಕೂತಿದ್ದ ಏಳೆಂಟು ಜನ ಎದ್ದು ಬಂದು ಕಾರಿನ ಸುತ್ತ ನಿಂತರು. ಇವರು ಬ್ರೇಕ್ ಹಾಕಲೇಬೇಕಾಯಿತು. ನಾನು ಹತ್ತು ಹೆಜ್ಜೆ ಮುಂದೆ ನಿಂತೆ.

'ಏನ್ ಗುರು ಇದು, ಕಾರಿನ್ ಮೇಲೆ ಬೆಂಚ್ ಕಟ್ಟಿದ್ದೀಯ?'

'ರೆಕ್ಕೆ' ಅಂದರು ಇವರು. 'ಗಾಳಿ ಇದರ ಮೇಲೆ ಕೂತು ಗಾಲಿನ ನೆಲಕ್ಕೆ ಒತ್ತುತ್ತೆ. ತಿರುವಲ್ಲಿ ಜಾರಲ್ಲ.'

'ಭಲೇ! ಯಾರ್ ಗುರು ಕಂಡುಹಿಡ್ದಿದ್ದು, ನೀನೇನಾ?'

ಇವರು ತಲೆಯೆತ್ತಿ ನನ್ನನ್ನು ನೋಡಿದರು.

'ನಾನಲ್ಲ. ಅಗೋ, ಅವಳು. ನಮ್ಮನೆಯವಳು. ಮೊರ ಹಿಡಿದು ತೋರಿಸಿದ್ಲು.'

ನಿಜ ಹೇಳುತ್ತೇನೆ, ನನ್ನ ಕಾಲು ಕಾರಿನ ಕಡೆಗೆ ಒಂದು ಹೆಜ್ಜೆ ಇಟ್ಟೇಬಿಟ್ಟಿತ್ತು. ಅಷ್ಟರಲ್ಲಿ ಆ ಏಳೆಂಟು ಜನ ನನ್ನನ್ನೊಮ್ಮೆ ನೋಡಿದರು, ಕಾರನ್ನೊಮ್ಮೆ ನೋಡಿದರು, ಆಮೇಲೆ ಬಿದ್ದು ಬಿದ್ದು ನಕ್ಕರು. 'ಮೊರ ಅಂತೆ ಗುರು, ಮೊರ! ಒಳ್ಳೇ ತಮಾಷೆ ಮನುಷ್ಯ ನೀನು!' ಅಂತ ಒಬ್ಬ ಇವರ ಭುಜ ತಟ್ಟಿದ.

ಇವರು ಒಂದು ಗಳಿಗೆ ಗಂಭೀರವಾಗೇ ಇದ್ದರು. ಆಮೇಲೆ ಅವರ ಜೊತೆ ಸೇರಿ ತಾವೂ ನಕ್ಕರು.

ನಾನು ಯಶವಂತಪುರದ ತನಕ ನಡೆದೇ ಹೋದೆ.